ಸಿಳ್ಳೆ ಹಾಕುತ್ತಿದ್ದ ಅಜ್ಜಿ

ತೀರಿಕೊಂಡ ಹಿರಿಯರನ್ನು ನೆನೆಯುವುದರ ಬಗ್ಗೆ ಒಂದು ಸಣ್ಣ ಸಭೆಯಲ್ಲಿ ಮಾತಾಡಿದ್ದೆ. ಅದರ ಬರಹ ರೂಪ ಇದು. ಅವತ್ತು ಸಮಯ ಸಾಲದೆ ಬಿಟ್ಟಿದ್ದನ್ನು ಸೇರಿಸಿದ್ದೇನೆ. ಮಾತಿನ ಧಾಟಿ ಹಾಗೇ ಇದೆ.

ಎಲ್ಲರಿಗೂ ನಮಸ್ಕಾರ.

ನನ್ನ ಅಮ್ಮ ತೀರಿಕೊಂಡ ಸ್ವಲ್ಪ ದಿನಕ್ಕೆ ಮನೆಯವರು, ನೆಂಟರು, ಅವಳ ಗೆಳತಿಯರು ಎಲ್ಲ ಸೇರಿ ಅವಳನ್ನು ನೆನೆಯಲು ಕೂತಿದ್ದೆವು. ದೊಡ್ಡ ಮಗಳು ಅಂತ ಮೊದಲು ನನಗೇ ಮಾತಾಡಲು ಹೇಳಿದರು. ಹತ್ತು ನಿಮಿಷ ಮಾತಾಡಿದೆ. ತ್ಯಾಗಮಯಿ ಅಂದೆ. ಮಕ್ಕಳಿಗಾಗಿ ಜೀವ ಸವೆಸಿದಳು ಅಂದೆ. ಮೊಮ್ಮಕ್ಕಳು ಅಂದರೆ ಪ್ರಾಣ ಅಂದೆ. ಯಾರಿಗೂ ಒಂದು ಕೆಟ್ಟ ಮಾತು ಆಡಿದವಳಲ್ಲ ಅಂದೆ. ಎಲ್ಲರ ಕಣ್ಣಲ್ಲೂ ನೀರು ಬಂತು, ನನಗೂ ಬಂತು.

ಅವತ್ತು ರಾತ್ರಿ ಮಗಳು ಬಂದು ಪಕ್ಕದಲ್ಲಿ ಕೂತಳು. ಅವಳಿಗೆ ಆಗ ಒಂಬತ್ತು ವರ್ಷ.

"ಅಮ್ಮಾ, ನೀನು ಅಜ್ಜಿ ಬಗ್ಗೆ ಏನೂ ಹೇಳ್ಲೇ ಇಲ್ವಲ್ಲ?"

"ಹೇಳಿದೆನಲ್ಲ ಪುಟ್ಟೀ, ಅಷ್ಟು ಹೊತ್ತು."

"ಅದೆಲ್ಲ ಅಮ್ಮಂದಿರ ಬಗ್ಗೆ. ಅಜ್ಜಿ ಸಿಳ್ಳೆ ಹಾಕ್ತಿದ್ದದ್ದು ಹೇಳ್ಲಿಲ್ಲ."

ನಿಜ, ಹೇಳಿರಲಿಲ್ಲ. ನನ್ನ ಅಮ್ಮ ಸಿಳ್ಳೆ ಹಾಕುತ್ತಿದ್ದಳು. ಮನೆಯಲ್ಲಿ ಯಾರೂ ಇಲ್ಲ ಅಂದುಕೊಂಡಾಗ ಮಾತ್ರ. ಬಟ್ಟೆ ಮಡಚುವಾಗಲೋ ಕಿಟಕಿ ಒರೆಸುವಾಗಲೋ ಎರಡು ಗಿಡ್ಡ, ಒಂದು ಉದ್ದ, ಎಷ್ಟು ಸ್ಪಷ್ಟ ಅಂದರೆ ಮೊದಲ ಸಲ ಕೇಳಿದಾಗ ಹೊರಗೆ ಯಾವುದೋ ಹುಡುಗ ಇದ್ದಾನೆ ಅಂದುಕೊಂಡಿದ್ದೆ. ನಾವು ಬಾಗಿಲ ಹತ್ತಿರ ಬಂದದ್ದು ಗೊತ್ತಾದ ಕೂಡಲೇ ನಿಲ್ಲಿಸಿಬಿಡುತ್ತಿದ್ದಳು. ನಲವತ್ತು ವರ್ಷ ಇದನ್ನು ಕೇಳಿದ್ದೇನೆ. ಆದರೂ ಅವಳ ಬಗ್ಗೆ ಮಾತಾಡಲು ಎದ್ದು ನಿಂತಾಗ ಅದು ನನ್ನ ಬಾಯಿಗೆ ಬರಲಿಲ್ಲ. ಅಂಥ ಕಡೆ ಹೇಳುವ ಮಾತಲ್ಲ ಅನ್ನಿಸಿತ್ತೇನೋ.

ಮಗಳು ಮಲಗಿದ ಮೇಲೆ ನನ್ನ ಹತ್ತು ನಿಮಿಷದ ಮಾತನ್ನು ಮನಸ್ಸಿನಲ್ಲೇ ಮತ್ತೆ ಓಡಿಸಿದೆ. ನಮಗೆ ಓದಿಸಿದಳು. ನಮಗೆ ಕಾಯಿಲೆಯಾದಾಗ ನಿದ್ದೆಗೆಟ್ಟಳು. ನಮ್ಮ ಮಕ್ಕಳನ್ನು ಸಾಕಿದಳು. ಪ್ರತಿ ವಾಕ್ಯದಲ್ಲೂ ನಾವಿದ್ದೇವೆ! ಅಮ್ಮನನ್ನು ನೆನೆಯುತ್ತೇನೆ ಅಂತ ಹೊರಟು ನಾನು ನಮ್ಮನ್ನೇ ನೆನೆದಿದ್ದೆ. ನಮಗಾಗಿ ಬದುಕಿದವರ ವಿಷಯದಲ್ಲಿ ಈ ತಪ್ಪು ತುಂಬ ಸುಲಭವಾಗಿ ಆಗುತ್ತದೆ, ಯಾಕೆಂದರೆ ಅವರು ಇದ್ದಷ್ಟು ದಿನವೂ ನಮ್ಮ ಎದುರಿಗೆ ನಮ್ಮ ಕೆಲಸವನ್ನೇ ಮಾಡುತ್ತಾ ನಿಂತಿರುತ್ತಾರೆ. ಆ ಸಿಳ್ಳೆಯಲ್ಲಿ ಮಾತ್ರ ನಾವು ಇರಲಿಲ್ಲ. ಅದು ಪೂರ್ತಿ ಅವಳದ್ದು. ಇವತ್ತು ನನಗೆ ಹೇಳಬೇಕಾಗಿರುವುದು ಇದೊಂದೇ ವಿಷಯ. ಉಳಿದದ್ದೆಲ್ಲ ಇದರ ಸುತ್ತ ಬರುತ್ತದೆ.

ನೆನಪು ಯಾಕೆ ಹೀಗೆ ಮಾಡುತ್ತದೆ ಅಂತ ಆಮೇಲೆ ಸ್ವಲ್ಪ ಓದಿದೆ. ಕೇಂಬ್ರಿಜ್‌ನಲ್ಲಿದ್ದ ಫ್ರೆಡರಿಕ್ ಬಾರ್ಟ್ಲೆಟ್ ಅನ್ನುವ ಮನೋವಿಜ್ಞಾನಿ 1932ರಲ್ಲಿ ತಮ್ಮ ಕೆಲವು ಪ್ರಯೋಗಗಳನ್ನು ಪ್ರಕಟಿಸಿದರು. ಅಮೆರಿಕದ ಮೂಲನಿವಾಸಿಗಳ ಒಂದು ಜನಪದ ಕಥೆಯನ್ನು ಇಂಗ್ಲೆಂಡಿನವರಿಗೆ ಓದಲು ಕೊಟ್ಟು, ಸ್ವಲ್ಪ ಹೊತ್ತಿನ ಮೇಲೆ, ಮತ್ತೆ ಕೆಲವರಿಗೆ ವಾರ, ತಿಂಗಳುಗಳ ಮೇಲೆ, ನೆನಪಿದ್ದಷ್ಟು ಹೇಳಿ ಅಂತ ಕೇಳಿದರು. ಕಥೆ ಪ್ರತಿ ಸಲವೂ ಗಿಡ್ಡವಾಗುತ್ತಾ ಹೋಯಿತು. ಮುಖ್ಯವಾಗಿ, ಕೇಳುವವರಿಗೆ ಹೊಸದಾಗಿ, ವಿಚಿತ್ರವಾಗಿ ಕಂಡ ಭಾಗಗಳೇ ಉದುರಿಹೋದವು, ಇಲ್ಲವೇ ಅವರಿಗೆ ಗೊತ್ತಿದ್ದ ಸಂಗತಿಗಳಾಗಿ ಬದಲಾದವು. ಸೀಲ್ ಬೇಟೆಗೆ ಹೋದವರು ಮೀನು ಹಿಡಿಯಲು ಹೋದವರಾದರು. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ನೆನಪು ತನಗೆ ಪರಿಚಯವಿರುವ ಅಚ್ಚಿಗೆ ಕಥೆಯನ್ನು ಹೊಯ್ಯುತ್ತಿತ್ತು, ಅಷ್ಟೇ.

ಅಮ್ಮನ ವಿಷಯದಲ್ಲಿ ಆ ಅಚ್ಚು ನಮ್ಮೆಲ್ಲರ ತಲೆಯಲ್ಲೂ ಮೊದಲೇ ತಯಾರಾಗಿ ಕೂತಿದೆ ಅಲ್ವಾ? ಸಹನೆ, ತ್ಯಾಗ, ಮಮತೆ. ಅದಕ್ಕೆ ಹೊಂದದ್ದು ಒಂದೊಂದಾಗಿ ಉದುರುತ್ತದೆ. ಹತ್ತು ಸಲ ನೆನೆಯುವಷ್ಟರಲ್ಲಿ ನಮ್ಮ ಅಮ್ಮ ಯಾರದೋ ಅಮ್ಮ ಆಗಿರುತ್ತಾಳೆ.

ಹಾಗೆ ಉದುರಿದ್ದನ್ನು ಹೆಕ್ಕಲು ಕೂತೆ. ಕಾದಂಬರಿ ಕೈಗೆ ಸಿಕ್ಕರೆ ಅವಳು ಮೊದಲು ಕೊನೆಯ ಪುಟ ಓದುತ್ತಿದ್ದಳು. ಯಾರು ಉಳಿಯುತ್ತಾರೆ ಅಂತ ಗೊತ್ತಾಗದೆ ಅವರ ಮೇಲೆ ಪ್ರೀತಿ ಇಟ್ಟುಕೊಳ್ಳಲು ನನಗೆ ಭಯ ಅನ್ನುತ್ತಿದ್ದಳು. ಲಿಫ್ಟ್ ಹತ್ತುತ್ತಿರಲಿಲ್ಲ, ಆರನೇ ಮಹಡಿಯಾದರೂ ಮೆಟ್ಟಿಲೇ. ಬಸ್ಸಿನ ನಂಬರು, ಕಾರಿನ ನಂಬರು ಏನು ಕಂಡರೂ ಅಂಕಿಗಳನ್ನು ಬಾಯಲ್ಲೇ ಕೂಡುತ್ತಿದ್ದಳು. ನಿಂತುಹೋದ ಒಂದು ಗಡಿಯಾರವನ್ನು ರಿಪೇರಿಗೂ ಕೊಡದೆ, ಬಿಸಾಡಲೂ ಬಿಡದೆ, ಇಪ್ಪತ್ತು ವರ್ಷ ಕಪಾಟಿನಲ್ಲಿ ಇಟ್ಟಿದ್ದಳು. ಯಾಕೆ ಅಂತ ನಾನು ಒಂದು ದಿನವೂ ಕೇಳಲಿಲ್ಲ.

ಇನ್ನು, ಯಾರಿಗೂ ಕೆಟ್ಟ ಮಾತು ಆಡಿದವಳಲ್ಲ ಅಂದೆನಲ್ಲ, ಅದು ನಿಜವೇ ಅಲ್ಲ. ಅವಳ ಸಿಟ್ಟು ದೊಡ್ಡದು. ಓದು ಅರ್ಧಕ್ಕೆ ಬಿಡುತ್ತೇನೆ ಅಂತ ನಾನು ಹಟ ಹಿಡಿದಾಗ ಎರಡು ವಾರ ನನ್ನ ಜೊತೆ ಮಾತು ಬಿಟ್ಟಳು. ತಟ್ಟೆ ಮುಂದಿಡುತ್ತಿದ್ದಳು, ಮಾತಿಲ್ಲ. ಬಟ್ಟೆ ಇಸ್ತ್ರಿ ಮಾಡಿ ಇಡುತ್ತಿದ್ದಳು, ಮಾತಿಲ್ಲ. ಹದಿನೈದನೇ ದಿನ ನಾನೇ ಸೋತು ಪುಸ್ತಕ ತೆಗೆದೆ. ಅವಳಿಗೆ ತನ್ನ ಓದು ನಿಂತುಹೋದ ನೋವು ಎಷ್ಟಿತ್ತು ಅಂತ ಆ ಎರಡು ವಾರದ ಮೌನ ಹೇಳಿದಷ್ಟು ಬೇರೆ ಯಾವುದೂ ನನಗೆ ಹೇಳಿಲ್ಲ. ಆ ಸಿಟ್ಟನ್ನು ತೆಗೆದುಹಾಕಿ ಅವಳನ್ನು ಹೊಗಳಿದರೆ, ನನಗಾಗಿ ಅವಳು ಮಾಡಿದ ಅತಿ ದೊಡ್ಡ ಕೆಲಸವನ್ನೇ ಅಳಿಸಿದ ಹಾಗೆ. ತೀರಿಕೊಂಡವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕು ಅನ್ನುವುದು ಗೌರವದ ಮಾತು, ಅರ್ಥವಾಗುತ್ತದೆ. ಆದರೆ ಅವಳ ಸಿಟ್ಟು, ಭಯ, ಹಟ ಎಲ್ಲ ಸೇರಿಯೇ ಅವಳು ಒಳ್ಳೆಯವಳು.

ಇನ್ನೊಂದು ತೊಡಕಿದೆ. ಇಲ್ಲಿ ಇರುವುದು ಒಬ್ಬಳಲ್ಲ, ಇಬ್ಬರು. ನನ್ನ ಮಗಳು ನೆನೆಯುವ ಅಜ್ಜಿ ನನಗೆ ಪೂರ್ತಿ ಪರಿಚಯವಿಲ್ಲ. ನಮಗೆ ಪರೀಕ್ಷೆಯ ಅಂಕ ಕೇಳುತ್ತಿದ್ದವಳು ಮೊಮ್ಮಗಳ ಜೊತೆ ನೆಲದ ಮೇಲೆ ಮಲಗಿ ಮೋಡದ ಆಕಾರ ಹುಡುಕುತ್ತಿದ್ದಳಂತೆ. ನಮ್ಮ ಕಾಲದಲ್ಲಿ ಹೀಗಿರಲಿಲ್ಲವಲ್ಲ ಅಂತ ನಾನು, ನನ್ನ ತಮ್ಮ ಎಷ್ಟೋ ಸಲ ಹೇಳಿಕೊಂಡಿದ್ದೇವೆ, ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಜೇಮ್ಸ್ ರಿಲ್ಲಿಂಗ್ ಮತ್ತು ಅವರ ಜೊತೆಗಾರರು 2021ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 50 ಅಜ್ಜಿಯರಿಗೆ ಮೊಮ್ಮಕ್ಕಳ ಫೋಟೋ, ಬೆಳೆದ ಮಕ್ಕಳ ಫೋಟೋ, ಗುರುತಿಲ್ಲದವರ ಫೋಟೋ ತೋರಿಸಿ ಆಗ ಮಿದುಳಿನಲ್ಲಿ ಏನಾಗುತ್ತದೆ ಅಂತ ಸ್ಕ್ಯಾನ್ ಮಾಡಿ ನೋಡಿದರು. ಮೊಮ್ಮಗುವನ್ನು ನೋಡಿದಾಗ, ಇನ್ನೊಬ್ಬರ ಭಾವನೆಯನ್ನು ತಾನೇ ಅನುಭವಿಸುವುದಕ್ಕೆ ಸಂಬಂಧಪಟ್ಟ ಭಾಗಗಳು ಚುರುಕಾದವು. ಬೆಳೆದ ಮಗನನ್ನೋ ಮಗಳನ್ನೋ ನೋಡಿದಾಗ, ಇವರು ಏನು ಯೋಚಿಸುತ್ತಿದ್ದಾರೆ, ಯಾಕೆ ಹೀಗಿದ್ದಾರೆ ಅಂತ ಅರ್ಥ ಮಾಡಿಕೊಳ್ಳುವ ಭಾಗಗಳು ಹೆಚ್ಚು ಕೆಲಸ ಮಾಡಿದವು. ಇದನ್ನು ಓದಿದ ದಿನ ನನ್ನ ಹೊಟ್ಟೆಕಿಚ್ಚು ಕರಗಿತು. ಮೊಮ್ಮಗಳು ನಕ್ಕರೆ ಅವಳೂ ನಗುತ್ತಿದ್ದಳು. ನನ್ನನ್ನು ನೋಡಿದಾಗ ಹಣೆ ಗಂಟಿಕ್ಕುತ್ತಿದ್ದದ್ದು ನನ್ನನ್ನು ಅರ್ಥ ಮಾಡಿಕೊಳ್ಳುವ ಪ್ರಯತ್ನ ಇರಬಹುದು ಅಂತ ಈಗ ನಂಬುತ್ತೇನೆ.

ಹಾಗಾಗಿ ನೆನೆಯುವಾಗ ಮಕ್ಕಳನ್ನೂ ಕೂರಿಸಿಕೊಳ್ಳಿ. ಅವರನ್ನು ಆಚೆ ಕಳಿಸಬೇಡಿ. ನಿಮ್ಮ ಹತ್ತಿರ ಇಲ್ಲದ ಅರ್ಧ ಅವರ ಹತ್ತಿರ ಇರುತ್ತದೆ.

ಅಜ್ಜಿಯರ ಬಗ್ಗೆ ಹೇಳುತ್ತಿರುವಾಗ ಇದನ್ನೂ ಹೇಳಬೇಕು. ಅಜ್ಜಿ ಮನೆಯಲ್ಲಿ ಸುಮ್ನೆ ಇರುತ್ತಾರೆ, ಮಕ್ಕಳನ್ನು ನೋಡಿಕೊಳ್ಳುತ್ತಾರೆ ಅಂತ ನಾವು ಹಗುರವಾಗಿ ಅನ್ನುತ್ತೇವೆ. ಟಾಂಜಾನಿಯಾದ ಉತ್ತರದಲ್ಲಿ ಬೇಟೆ, ಗೆಡ್ಡೆಗೆಣಸುಗಳ ಮೇಲೆ ಬದುಕುವ ಹಾಡ್ಜಾ ಜನರ ನಡುವೆ ಕ್ರಿಸ್ಟನ್ ಹಾಕ್ಸ್ ಅನ್ನುವ ಮಾನವಶಾಸ್ತ್ರಜ್ಞೆ ಮತ್ತು ಅವರ ಜೊತೆಗಾರರು 1980ರ ದಶಕದಲ್ಲಿ ಕೆಲಸ ಮಾಡಿದರು. ಗಟ್ಟಿ ನೆಲ ಅಗೆದು ಗೆಡ್ಡೆ ತೆಗೆಯುವುದರಲ್ಲಿ ವಯಸ್ಸಾದ ಹೆಂಗಸರು ಯಾರಿಗೂ ಕಡಿಮೆ ಇಲ್ಲ ಅಂತ ಅವರಿಗೆ ಕಂಡಿತು. ತಾಯಿಗೆ ಹೊಸ ಕೂಸು ಹುಟ್ಟಿದ ಮೇಲೆ, ಅದಕ್ಕಿಂತ ದೊಡ್ಡ ಮಗುವಿನ ಬೆಳವಣಿಗೆ ಅಜ್ಜಿಯ ದುಡಿಮೆಯ ಮೇಲೆ ನಿಂತಿತ್ತು. ಹೆಂಗಸರು ಹೆರುವ ವಯಸ್ಸು ದಾಟಿದ ಮೇಲೂ ಅಷ್ಟು ವರ್ಷ ಯಾಕೆ ಬದುಕುತ್ತಾರೆ ಅನ್ನುವ ಪ್ರಶ್ನೆಗೆ ಹಾಕ್ಸ್ ಇದನ್ನೇ ಉತ್ತರವಾಗಿ ಮುಂದಿಟ್ಟರು. ಆಮೇಲೆ 2004ರಲ್ಲಿ ಫಿನ್‌ಲೆಂಡ್ ಮತ್ತು ಕೆನಡಾದ 18 ಮತ್ತು 19ನೇ ಶತಮಾನದ ಕುಟುಂಬಗಳ ದಾಖಲೆ ನೋಡಿದವರಿಗೆ, 50 ದಾಟಿದ ಮೇಲೆ ಹೆಂಗಸು ಬದುಕಿದ ಪ್ರತಿ ಹತ್ತು ವರ್ಷಕ್ಕೆ ಸರಾಸರಿ ಇಬ್ಬರು ಮೊಮ್ಮಕ್ಕಳು ಹೆಚ್ಚಿಗೆ ಇದ್ದದ್ದು ಕಂಡಿತು. ಮನುಷ್ಯರಷ್ಟೇ ಅಲ್ಲ, ಓರ್ಕಾ ತಿಮಿಂಗಿಲಗಳಲ್ಲೂ ಮುದಿ ಹೆಣ್ಣುಗಳು ಮರಿ ಹಾಕುವುದು ನಿಂತ ಮೇಲೆ ಎಷ್ಟೋ ವರ್ಷ ಬದುಕುತ್ತವೆ, ಮೀನು ಕಡಿಮೆಯಾದ ವರ್ಷಗಳಲ್ಲಿ ಗುಂಪಿನ ಮುಂದೆ ಹೋಗಿ ದಾರಿ ತೋರಿಸುತ್ತವೆ. ಅಜ್ಜಿ ಸತ್ತ ಮೊದಲ ಎರಡು ವರ್ಷದಲ್ಲಿ ಮೊಮ್ಮಕ್ಕಳು ಸಾಯುವ ಅಪಾಯ ತುಂಬ ಜಾಸ್ತಿಯಾಗುತ್ತದೆ ಅಂತ 2019ರ ಒಂದು ಅಧ್ಯಯನ ಹೇಳಿತು. ನಾನು ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆ ಬರುತ್ತಿದ್ದ ಎಂಟು ವರ್ಷ, ನನ್ನ ಮಗಳನ್ನು ಎತ್ತಿದವಳು, ಕಾದವಳು, ಜ್ವರ ಅಳೆದವಳು ಅಮ್ಮ. ನಾನು ಅದಕ್ಕೆ ಸಹಾಯ ಅಂತ ಹೆಸರಿಟ್ಟಿದ್ದೆ. ಸಹಾಯ ಅನ್ನುವ ಮಾತು ಅದಕ್ಕೆ ಸಾಲದು.

ಮಗಳು ಒಂದು ದಿನ ಕೇಳಿದಳು, ಅಜ್ಜಿ ಈಗ ಎಲ್ಲಿದ್ದಾರೆ ಅಂತ. ನನಗೆ ಗೊತ್ತಿರುವ ಒಂದು ಉತ್ತರ ಕೊಟ್ಟೆ. ಹೆಣ್ಣು ಮಗು ತಾಯಿಯ ಹೊಟ್ಟೆಯಲ್ಲಿರುವಾಗಲೇ, ಸುಮಾರು ಐದನೇ ತಿಂಗಳ ಹೊತ್ತಿಗೆ, ಅದರ ಒಳಗೆ ಲಕ್ಷಗಟ್ಟಲೆ ಅಂಡಾಣುಗಳು ರೂಪುಗೊಂಡಿರುತ್ತವೆ. ಅಂದರೆ ಅಮ್ಮ ನನ್ನನ್ನು ಹೊತ್ತಿದ್ದಾಗ, ಮುಂದೆ ನನ್ನ ಮಗಳಾಗುವ ಆ ಒಂದು ಕಣವನ್ನೂ ಹೊತ್ತಿದ್ದಳು. "ಹಾಗಾದ್ರೆ ನಾನೂ ಅಜ್ಜಿ ಹೊಟ್ಟೇಲಿ ಇದ್ದೆ!" ಅಂದಳು. ಇದ್ದೆ ಅಂದೆ. ಬಸಿರಿನಲ್ಲಿ ಮಗುವಿನ ಕೆಲವು ಜೀವಕೋಶಗಳು ತಾಯಿಯ ರಕ್ತಕ್ಕೆ ಸೇರಿ ಅಲ್ಲೇ ಉಳಿಯುತ್ತವೆ ಅನ್ನುವುದನ್ನೂ ಹೇಳಿದೆ. ಡಯಾನಾ ಬಿಯಾಂಕಿ ಮತ್ತು ಜೊತೆಗಾರರು 1996ರಲ್ಲಿ, ಗಂಡು ಮಗು ಹೆತ್ತು 27 ವರ್ಷವಾದ ತಾಯಿಯ ರಕ್ತದಲ್ಲೂ ಅಂಥ ಕೋಶ ಕಂಡರು. ಈ ಮಾತು ಕೇಳಿ ನನ್ನ ತಮ್ಮ ತುಂಬ ಹೊತ್ತು ಏನೂ ಮಾತಾಡಲಿಲ್ಲ. ಅಮ್ಮನ ಕೊನೆಯ ದಿನ ಅವನು ದೂರದಲ್ಲಿದ್ದ, ಬರಲು ಆಗಿರಲಿಲ್ಲ.

ದುಃಖ ಎಷ್ಟು ದಿನ ಇರಬೇಕು ಅಂತ ಜನ ಕೇಳುತ್ತಾರೆ. ಸಭೆಯಲ್ಲೂ ಒಬ್ಬರು ಹಿರಿಯರು ಕೇಳಿದರು, ತಾಯಿ ಹೋಗಿ ಹದಿನೆಂಟು ವರ್ಷವಾದರೂ ಅಳು ಬರುತ್ತದೆ, ಇದು ಸರಿಯಾ ಅಂತ. ಅವರಿಗೆ ಮನೋವಿಶ್ಲೇಷಣೆಯನ್ನು ಶುರು ಮಾಡಿದ ಫ್ರಾಯ್ಡ್ ವಿಷಯ ಹೇಳಿದೆ. ಸತ್ತವರಿಂದ ಮನಸ್ಸನ್ನು ನಿಧಾನವಾಗಿ ಬಿಡಿಸಿಕೊಳ್ಳುವುದೇ ದುಃಖದ ಕೆಲಸ ಅಂತ 1917ರಲ್ಲಿ ಬರೆದವರು ಅವರು. ಮೂರು ವರ್ಷಕ್ಕೆ, 1920ರ ಜನವರಿಯಲ್ಲಿ, ಅವರ ಮಗಳು ಸೋಫಿ ಇನ್‌ಫ್ಲುಯೆಂಜಾ ಬಂದು ತೀರಿಕೊಂಡಳು. ಅವಳಿಗೆ 26 ವರ್ಷ. 1929ರಲ್ಲಿ, ಮಗನನ್ನು ಕಳೆದುಕೊಂಡಿದ್ದ ಲುಡ್ವಿಗ್ ಬಿನ್ಸ್‌ವಾಂಗರ್ ಅನ್ನುವ ಗೆಳೆಯರಿಗೆ ಬರೆದ ಪತ್ರದಲ್ಲಿ ಫ್ರಾಯ್ಡ್, ಇವತ್ತು ನನ್ನ ಮಗಳಿಗೆ 36 ತುಂಬುತ್ತಿತ್ತು ಅಂತ ಹೇಳಿಕೊಳ್ಳುತ್ತಾರೆ. ಆ ಜಾಗ ಯಾವುದರಿಂದಲೂ ತುಂಬುವುದಿಲ್ಲ, ಹಾಗಿರುವುದೇ ಸರಿ, ಬಿಡಲು ಇಷ್ಟವಿಲ್ಲದ ಪ್ರೀತಿಯನ್ನು ಉಳಿಸಿಕೊಳ್ಳಲು ಇರುವ ದಾರಿ ಅದೊಂದೇ ಅನ್ನುವ ಅರ್ಥದ ಮಾತು ಆ ಪತ್ರದಲ್ಲಿದೆ. ಒಂಬತ್ತು ವರ್ಷವಾದರೂ ಅವರು ಮಗಳ ವಯಸ್ಸು ಎಣಿಸುತ್ತಿದ್ದರು. ಹಿರಿಯರು ಕಣ್ಣೊರೆಸಿಕೊಂಡು, ನಾನೂ ಎಣಿಸುತ್ತೇನೆ, ಈ ವರ್ಷ ತೊಂಬತ್ತೊಂದು ಆಗುತ್ತಿತ್ತು ಅಂದರು. ಎಣಿಸಿ. ಅದರಲ್ಲಿ ತಪ್ಪೇನೂ ಇಲ್ಲ.

ಈಗ ಕೆಲಸದ ಮಾತು. ಅಮ್ಮನೋ ಅಜ್ಜಿಯೋ ಇನ್ನೂ ಇದ್ದಾರೆ ಅಂತಾದರೆ ದಯವಿಟ್ಟು ಅವರ ದನಿಯನ್ನು ರೆಕಾರ್ಡ್ ಮಾಡಿ. ಫೋಟೋ ನಮ್ಮೆಲ್ಲರ ಹತ್ತಿರ ಸಾವಿರಗಟ್ಟಲೆ ಇವೆ, ದನಿ ಇಲ್ಲ. ನನ್ನ ಹತ್ತಿರ ಅಮ್ಮನ ದನಿ ಇರುವುದು ಒಟ್ಟು ಐದು ಸಣ್ಣ ಫೋನ್ ಸಂದೇಶಗಳಲ್ಲಿ. ಎಲ್ಲದರಲ್ಲೂ ಇರುವುದು ಒಂದೇ ಮಾತು, ಎಷ್ಟೊತ್ತಿಗೆ ಬರ್ತೀಯಾ? ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದಲ್ಲಿ 2003ರಲ್ಲಿ ಸ್ಟೋರಿಕೋರ್ ಅನ್ನುವ ಸಂಸ್ಥೆಯವರು ರೆಕಾರ್ಡ್ ಮಾಡಲು ಒಂದು ಸಣ್ಣ ಕೋಣೆ ಇಟ್ಟರು. ಇಬ್ಬರು ಒಳಗೆ ಹೋಗಿ ಕೂತು ಒಬ್ಬರನ್ನೊಬ್ಬರು ಸುಮಾರು 40 ನಿಮಿಷ ಮಾತಾಡಿಸಬೇಕು, ಅಷ್ಟೇ. ಇದಕ್ಕೆ ನಿಮಗೆ ಬೇಕಾಗಿರುವುದು ಒಂದು ಫೋನು, ಮುಚ್ಚಿದ ಬಾಗಿಲು. ನನಗಾಗಿ ಏನೇನು ಮಾಡಿದೆ ಅಂತ ಕೇಳಬೇಡಿ, ಅವರು ಅದನ್ನೇ ಹೇಳುತ್ತಾರೆ, ನಾವು ಮತ್ತೆ ನಮ್ಮ ಕಥೆಯನ್ನೇ ಕೇಳುತ್ತೇವೆ. ನಾನು ಹುಟ್ಟುವ ಮೊದಲು ನೀನು ಹೇಗಿದ್ದೆ ಅಂತ ಕೇಳಿ. ಹತ್ತು ವರ್ಷದವಳಿದ್ದಾಗ ಯಾರ ಜೊತೆ ಜಗಳ ಆಡುತ್ತಿದ್ದೆ, ಯಾವುದಕ್ಕೆ ಹೆದರುತ್ತಿದ್ದೆ, ಏನಾಗಬೇಕು ಅಂತ ಆಸೆ ಇತ್ತು? ಉತ್ತರ ಬರಲು ಸಮಯ ಹಿಡಿಯುತ್ತದೆ. ಮಧ್ಯೆ ಬಾಯಿ ಹಾಕಬೇಡಿ.

ತೀರಿಕೊಂಡಿದ್ದರೆ ಬೇಗ ಬರೆದಿಡಿ. ಮರೆವು ಮೊದಮೊದಲು ತುಂಬ ವೇಗವಾಗಿ, ಆಮೇಲೆ ನಿಧಾನವಾಗಿ ಕೆಲಸ ಮಾಡುತ್ತದೆ ಅಂತ ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಷ್ಟು ಹಿಂದೆಯೇ ತನ್ನ ಮೇಲೇ ಪ್ರಯೋಗ ಮಾಡಿಕೊಂಡು ತೋರಿಸಿದ್ದರು. ಅವರು ಬಾಯಿಪಾಠ ಮಾಡಿದ್ದು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು. ಅಮ್ಮನ ಮುಖ ಹಾಗೆ ಮರೆಯುವುದಿಲ್ಲ. ಆದರೆ ಲಿಫ್ಟಿನ ಮುಂದೆ ನಿಂತು ಅವಳು ಏನು ಅನ್ನುತ್ತಿದ್ದಳು, ಯಾವ ಕೈಯಲ್ಲಿ ಚೀಲ ಹಿಡಿಯುತ್ತಿದ್ದಳು, ಇಂಥವು ಹೋಗುತ್ತವೆ. ದೊಡ್ಡ ಬರಹ ಬೇಡ. ನೆನಪಾದಾಗ ಒಂದು ಸಾಲು. ವಿಚಿತ್ರ ಅನ್ನಿಸಿದ್ದನ್ನು ಮೊದಲು ಬರೆಯಿರಿ.

ಮಕ್ಕಳಿಗೆ ಇದರಿಂದ ಏನು ಅಂತ ಕೇಳಿದರೆ, ಎಮೊರಿಯಲ್ಲೇ ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫೈವುಷ್ ಅನ್ನುವವರು ಈ ಕೆಲಸ ಮಾಡಿದ್ದಾರೆ. ನಿಮ್ಮ ಅಪ್ಪ ಅಮ್ಮ ಎಲ್ಲಿ ಬೆಳೆದರು ಗೊತ್ತಾ, ಹೇಗೆ ಭೇಟಿಯಾದರು ಗೊತ್ತಾ, ಇಂಥ 20 ಪ್ರಶ್ನೆಗಳು. ಹೌದು ಅಂತ ಜಾಸ್ತಿ ಉತ್ತರ ಕೊಟ್ಟ ಮಕ್ಕಳಲ್ಲಿ ತಮ್ಮ ಬಗ್ಗೆ ಒಳ್ಳೆಯ ಅಭಿಪ್ರಾಯ, ತಮ್ಮ ಬದುಕು ತಮ್ಮ ಕೈಯಲ್ಲಿದೆ ಅನ್ನುವ ಧೈರ್ಯ ಹೆಚ್ಚಿಗೆ ಕಂಡವು. ಉತ್ತರಗಳನ್ನು ಉರು ಹೊಡೆಸಿದರೆ ಪ್ರಯೋಜನವಿಲ್ಲ, ಅಷ್ಟೆಲ್ಲ ಗೊತ್ತಾಗುವಷ್ಟು ಹೊತ್ತು ಯಾರೋ ಮಗುವಿನ ಜೊತೆ ಕೂತು ಮಾತಾಡಿರುತ್ತಾರಲ್ಲ, ಅದು ಮುಖ್ಯ ಅಂತ ಡ್ಯೂಕ್ ಅವರೇ ಹೇಳಿದ್ದಾರೆ. ಹಾಗೆ ಕೂತು ಹೇಳುವವರು ಹೆಚ್ಚಾಗಿ ಅಮ್ಮಂದಿರು, ಅಜ್ಜಿಯರು. ನಮ್ಮ ಮನೆಯ ಕಥೆಗಳೆಲ್ಲ ಅಮ್ಮನ ಹತ್ತಿರ ಇದ್ದವು. ಅವಳ ಕಥೆ ಮಾತ್ರ ಯಾರ ಹತ್ತಿರವೂ ಇರಲಿಲ್ಲ.

ಅಮ್ಮಂದಿರ ದಿನವನ್ನು ಶುರು ಮಾಡಿದ ಆನಾ ಜಾರ್ವಿಸ್ ನನಗೆ ಒಂದು ಕಾರಣಕ್ಕೆ ಇಷ್ಟ. ಅವರ ತಾಯಿ 1905ರ ಮೇ 9ರಂದು ತೀರಿಕೊಂಡರು. 1908ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಗ್ರಾಫ್ಟನ್ ಊರಿನ ಚರ್ಚಿಗೆ ಮಗಳು 500 ಬಿಳಿ ಕಾರ್ನೇಷನ್ ಹೂ ಕಳಿಸಿದರು, ಅದು ತನ್ನ ತಾಯಿಗೆ ಇಷ್ಟವಾದ ಹೂ ಅಂತ. 1914ರಲ್ಲಿ ಅಮೆರಿಕದ ಅಧ್ಯಕ್ಷ ವಿಲ್ಸನ್ ಆ ದಿನವನ್ನು ಇಡೀ ದೇಶಕ್ಕೆ ಘೋಷಿಸಿದರು. ಇಂಗ್ಲಿಷಿನಲ್ಲಿ ಆ ದಿನದ ಹೆಸರನ್ನು ಏಕವಚನದಲ್ಲೇ ಬರೆಯಬೇಕು ಅಂತ ಆನಾ ಪಟ್ಟು ಹಿಡಿದಿದ್ದರು. ಲೋಕದ ತಾಯಂದಿರ ದಿನ ಅಲ್ಲ, ಪ್ರತಿಯೊಬ್ಬರೂ ತಮ್ಮ ತಮ್ಮ ಒಬ್ಬಳೇ ತಾಯಿಯನ್ನು ನೆನೆಯುವ ದಿನ. ನನ್ನ ಒಂಬತ್ತು ವರ್ಷದ ಮಗಳು ಅವತ್ತು ರಾತ್ರಿ ನನಗೆ ಹೇಳಿದ್ದೂ ಇದನ್ನೇ.

ಆ ರಾತ್ರಿಯ ಮೇಲೆ ನಾನು ಒಂದು ಪಟ್ಟಿ ಶುರು ಮಾಡಿದೆ, ಅಮ್ಮನ ಬಗ್ಗೆ ನನಗೆ ಗೊತ್ತಿಲ್ಲದ್ದು. ಇಪ್ಪತ್ತಮೂರು ಪ್ರಶ್ನೆ ಆಗಿವೆ. ಅದನ್ನು ಹಿಡಿದುಕೊಂಡು ಅಮ್ಮನ ತಂಗಿ, ನನ್ನ ಚಿಕ್ಕಮ್ಮನ ಹತ್ತಿರ ಹೋದೆ. ಗಡಿಯಾರದ ಬಗ್ಗೆ ಅವರಿಗೆ ಗೊತ್ತಿರಲಿಲ್ಲ. ಸಿಳ್ಳೆಯ ರಾಗ ಯಾವ ಹಾಡಿನದ್ದು ಅಂತ ಕೇಳಿದೆ, ನನಗೆ ಬಂದ ಹಾಗೆ ಹಾಕಿಯೂ ತೋರಿಸಿದೆ. ಎರಡು ಗಿಡ್ಡ, ಒಂದು ಉದ್ದ. ಚಿಕ್ಕಮ್ಮ ಒಮ್ಮೆ ಬಾಗಿಲ ಕಡೆ ತಿರುಗಿ ನೋಡಿದರು.

"ಹಾಡಲ್ಲ ಕಣೇ ಅದು. ನಿಮ್ಮಮ್ಮ ನನ್ನ ಕರೀತಿದ್ದದ್ದು. ತಡ ಮಾಡಿ ಬಂದ ದಿನ ಹೊರಗೆ ನಿಂತು ಹಾಗೆ ಸಿಳ್ಳೆ ಹಾಕ್ತಿದ್ಲು. ನಾನು ಸದ್ದಾಗದ ಹಾಗೆ ಚಿಲಕ ತೆಗೀಬೇಕು."

"ಎಲ್ಲಿಂದ ತಡವಾಗಿ ಬರ್ತಿದ್ಲು ಚಿಕ್ಕಮ್ಮ?"

ಅವರು ನಕ್ಕರು. ತುಂಬ ಹೊತ್ತು ನಕ್ಕರು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಇವತ್ತು ಬೇಡ, ಇನ್ನೊಂದಿನ ಬಾ, ಹೇಳ್ತೀನಿ" ಅಂದರು.

ಭಾನುವಾರ ಮತ್ತೆ ಹೋಗುತ್ತಿದ್ದೇನೆ. ಮಗಳೂ ಬರುತ್ತೇನೆ ಅಂದಿದ್ದಾಳೆ.